ಮಿಲಿಮೀಟರಿನ ಹುಲ್ಲುಗಾವಲು: ಪುಟ್ಟ ರೈಲುಗಳ ರಸಿಕರಿಗೊಂದು ಕೈಪಿಡಿ

ಮಾದರಿ ರೈಲಿನ ಮುಂದೆ ನಿಂತವರ ಕಣ್ಣು ಮೊದಲು ಎಂಜಿನ್ನಿನ ಹಿಂದೆ ಓಡುತ್ತದೆ. ಓಡಲಿ, ರೈಲು ಇರುವುದೇ ಅದಕ್ಕೆ. ಅದು ಸುರಂಗ ಹೊಕ್ಕು ಮರೆಯಾದ ಮೇಲೆ ಹಲಗೆಯ ಮೇಲೆ ಏನು ಉಳಿಯಿತು ನೋಡಿ. ಎರಡೆಳೆ ಹಳಿ, ಒಂದೆರಡು ಮನೆ, ಒಂದು ಸೇತುವೆ. ಹಳ್ಳಿಗಾಡಿನ ದೃಶ್ಯವಾದರೆ ಮಿಕ್ಕಿದ್ದರಲ್ಲಿ ಬಹುಪಾಲು ಹುಲ್ಲೇ. ಆ ಹುಲ್ಲು ನಂಬುವಂತಿದ್ದರೆ ರೈಲು ಒಂದೂರಿನಿಂದ ಇನ್ನೊಂದೂರಿಗೆ ಹೊರಟಿದೆ ಅನ್ನಿಸುತ್ತದೆ. ಇಲ್ಲದಿದ್ದರೆ ಎಷ್ಟೇ ಚೆಂದದ ಎಂಜಿನ್ ಇರಲಿ, ಅದು ಮೇಜಿನ ಮೇಲೆ ಸುತ್ತುತ್ತಿರುತ್ತದೆ, ಅಷ್ಟೆ.

ಇಲ್ಲಿ ಹೇಳಹೊರಟಿರುವುದು ತೀರ ಸಣ್ಣ ಅಳತೆಯ ಮಾದರಿಗಳ ವಿಚಾರ. ಜಗತ್ತಿನಲ್ಲಿ ಹೆಚ್ಚು ಬಳಕೆಯಲ್ಲಿರುವ ಎಚ್‌ಓ ಅಳತೆ 1:87. ಅದಕ್ಕಿಂತ ಸಣ್ಣದು ಎನ್ ಸ್ಕೇಲ್. ಅದರಲ್ಲಿ ಹಳಿಗಳ ನಡುವಿನ ಅಂತರ 9 ಮಿಲಿಮೀಟರ್. ಅಳತೆ ಯುರೋಪು, ಅಮೆರಿಕಗಳಲ್ಲಿ 1:160, ಬ್ರಿಟನ್ನಿನಲ್ಲಿ 1:148. ಜರ್ಮನಿಯ ಮಾರ್ಕ್ಲಿನ್ ಕಂಪನಿ 1972ರಲ್ಲಿ ತಂದ ಝಡ್ ಸ್ಕೇಲ್ 1:220, ಹಳಿಯಂತರ 6.5 ಮಿ.ಮೀ. ಅದರಿಂದಲೂ ಕೆಳಗೆ ಜಪಾನಿನಿಂದ ಬಂದ ಟಿ ಗೇಜ್: 1:450, ಹಳಿಯಂತರ ಬರೀ 3 ಮಿ.ಮೀ. ಐದೂವರೆ ಅಡಿಯ ಮನುಷ್ಯ ಝಡ್‌ನಲ್ಲಿ ಏಳೂವರೆ ಮಿಲಿಮೀಟರ್ ನಿಲ್ಲುತ್ತಾನೆ, ಟಿ ಗೇಜಿನಲ್ಲಿ ನಾಲ್ಕಕ್ಕೂ ಕಡಿಮೆ. ಹಾಗಾದರೆ ಅವನ ಕಾಲಡಿಯ ಹುಲ್ಲು ಎಷ್ಟಿರಬೇಕು?

ಉತ್ತರ ಸಿಗುವುದು ಅಳತೆಪಟ್ಟಿಯಲ್ಲಿ ಮಾತ್ರವಲ್ಲ, ದೂರದಲ್ಲಿ. ಝಡ್ ಮಾದರಿಯಿಂದ ಒಂದು ಮೀಟರ್ ಹಿಂದೆ ನಿಂತರೆ ಆ ಲೋಕದ ಲೆಕ್ಕದಲ್ಲಿ 220 ಮೀಟರ್ ಆಚೆ ನಿಂತಂತೆ. ಟಿ ಗೇಜಿನ ಮೇಲೆ ಅರ್ಧ ಮೀಟರಿನಷ್ಟು ಹತ್ತಿರ ಬಾಗಿದರೂ 225 ಮೀಟರ್ ದೂರವೇ. ಮುಳ್ಳಯ್ಯನಗಿರಿಯ ರಸ್ತೆಯಲ್ಲಿ ನಿಂತು ಎದುರಿನ ಹುಲ್ಲಿನ ಇಳಿಜಾರನ್ನು ನೋಡಿದವರಿಗೆ ಇದು ಗೊತ್ತು. ಅಷ್ಟು ದೂರಕ್ಕೆ ಒಂದೇ ಒಂದು ಎಸಳೂ ಕಾಣುವುದಿಲ್ಲ. ಕಾಣುವುದು ಬಣ್ಣ, ಬಣ್ಣದೊಳಗಿನ ಏರಿಳಿತ, ಗಾಳಿ ಒರಗಿಸಿದ ಕಡೆ ಮಿನುಗುವ ಬೆಳಕು, ದನ ನಡೆದ ಜಾಡಿನ ತೆಳು ಗೆರೆ, ಮಣ್ಣು ಇಣುಕುವ ಕಲೆಗಳು. ಸಣ್ಣ ಅಳತೆಯ ಹುಲ್ಲಿನ ಕಲೆಯೆಲ್ಲ ಇದೇ. ಎಸಳನ್ನು ತೋರಿಸುವ ಆಸೆ ಬಿಟ್ಟು ದೂರವನ್ನು ತೋರಿಸಿದವರು ಗೆಲ್ಲುತ್ತಾರೆ. ಹೊಸ ರಸಿಕರು ಕಣ್ಣಿಗೆ ಮೊದಲು ಕಲಿಸಬೇಕಾದ ಪಾಠವೂ ಇದೇ.

ಆದರೂ ಎತ್ತರದ ಲೆಕ್ಕ ತಪ್ಪಿದರೆ ಉಳಿದದ್ದೆಲ್ಲ ಕೆಡುತ್ತದೆ. ಅಂಗಡಿಯಲ್ಲಿ ಸಿಗುವ ನೈಲಾನ್ ಹುಲ್ಲಿನ ಎಳೆ 1, 2, 4, 6 ಮಿ.ಮೀ. ಉದ್ದಗಳಲ್ಲಿ ಬರುತ್ತದೆ. 2 ಮಿ.ಮೀ. ಎಂದರೆ ಏನೂ ಅಲ್ಲ ಅನ್ನಿಸುತ್ತದೆ. ಅದೇ ಎಳೆ ಎನ್ ಸ್ಕೇಲಿನಲ್ಲಿ 32 ಸೆಂಟಿಮೀಟರ್ ಹುಲ್ಲು, ಝಡ್‌ನಲ್ಲಿ 44, ಟಿ ಗೇಜಿನಲ್ಲಿ 90. ಆರು ಮಿಲಿಮೀಟರಿನ ಎಳೆ ಟಿ ಗೇಜಿನಲ್ಲಿ 2.7 ಮೀಟರ್ ಆಗುತ್ತದೆ. ಅದು ಹುಲ್ಲಲ್ಲ, ಕಬ್ಬಿನ ಗದ್ದೆ. ಪರೀಕ್ಷೆ ಸುಲಭ. ಮೇಯುತ್ತಿರುವ ಹಸುವನ್ನು ಹುಡುಕಿ. ಝಡ್‌ನಲ್ಲಿ ಹಸು ಹೆಗಲವರೆಗೆ ಆರೂವರೆ ಮಿಲಿಮೀಟರ್ ಇರುತ್ತದೆ. ಅದರ ಗೊರಸು ಕಾಣುತ್ತಿದೆಯೇ? ದನ ಮೇಯ್ದ ನೆಲದಲ್ಲಿ ಗೊರಸು ಕಾಣಲೇಬೇಕು. ಹುಲ್ಲು ಮೊಣಕಾಲು ಮುಟ್ಟಿದ್ದರೆ ಆ ಹಸು ಇನ್ನೂ ಬಾಯಿ ಹಾಕದ ಕೊಯ್ಲಿನ ಹುಲ್ಲಿನೊಳಗೆ ನುಗ್ಗಿದೆ ಎಂದರ್ಥ. ಕುರಿ ಮೇಯ್ದ ಗುಡ್ಡದಲ್ಲಂತೂ ಹುಲ್ಲು ಐದು ಸೆಂಟಿಮೀಟರ್ ಮೀರುವುದು ಅಪರೂಪ. ಝಡ್‌ನಲ್ಲಿ ಅದು ಕಾಲು ಮಿಲಿಮೀಟರೂ ಇಲ್ಲ. ಅಲ್ಲಿಗೆ ಎಳೆಯೇ ಬೇಡ. ನುಣ್ಣಗೆ ಪುಡಿ ಮಾಡಿದ ಬಣ್ಣದ ಫೋಮನ್ನು ತೆಳ್ಳಗೆ ಉದುರಿಸಿದರೆ ಸಾಕು.

ಎಳೆ ನೆಟ್ಟಗೆ ನಿಲ್ಲುವ ಬಗೆಯನ್ನು ತಿಳಿದುಕೊಂಡರೆ ನೋಡುವ ಸುಖ ಹೆಚ್ಚುತ್ತದೆ. ಚಿನ್ನದಂಗಡಿಯವರು ಉಂಗುರ ಇಟ್ಟುಕೊಡುವ ಡಬ್ಬಿಯ ಒಳಗೆ ಮಖಮಲ್ಲಿನಂಥ ಮೈ ಇರುತ್ತದಲ್ಲ, ಅದನ್ನು ಮಾಡುವ ವಿದ್ಯೆಯೇ ಇದು. ಅಂಟಿನ ಮೇಲೆ ಸಣ್ಣ ಎಳೆಗಳನ್ನು ಸ್ಥಿರವಿದ್ಯುತ್ತಿನಿಂದ ನೆಡುವುದು. ಕೈಯಲ್ಲಿ ಹಿಡಿಯುವ ಉಪಕರಣದ ತುದಿಯಲ್ಲಿ ಲೋಹದ ಜರಡಿ, ಅದರೊಳಗೆ ಎಳೆ. ಉಪಕರಣದಿಂದ ಹೊರಟ ಇನ್ನೊಂದು ತಂತಿಯನ್ನು ಹಸಿ ಅಂಟಿನೊಳಗೆ ಚುಚ್ಚಿದ ಮೊಳೆಗೆ ಸಿಕ್ಕಿಸುತ್ತಾರೆ. ಜರಡಿಗೂ ಅಂಟಿಗೂ ನಡುವೆ ಸಾವಿರಾರು ವೋಲ್ಟ್ ವ್ಯತ್ಯಾಸ ಇರುತ್ತದೆ, ಹರಿಯುವ ವಿದ್ಯುತ್ತು ಮಾತ್ರ ತೀರ ಅಲ್ಪ. ಜರಡಿ ಅಲುಗಿಸಿದಾಗ ಉದುರುವ ಪ್ರತಿ ಎಳೆಯೂ ವಿದ್ಯುತ್ ಕ್ಷೇತ್ರದ ಗೆರೆ ಹಿಡಿದು ಬಾಣದಂತೆ ಬಂದು ಅಂಟಿಗೆ ನಾಟುತ್ತದೆ. ಒಂದೇ ಬಗೆಯ ವಿದ್ಯುದಂಶ ಹೊತ್ತ ಎಳೆಗಳು ಒಂದನ್ನೊಂದು ದೂಡುವುದರಿಂದ ಗುಂಪುಗೂಡದೆ ಬಿಡಿಬಿಡಿಯಾಗಿ ನಿಲ್ಲುತ್ತವೆ.

ಇದರಲ್ಲೇ ಒಂದು ತೊಡಕು ಇದೆ, ಬಲ್ಲವರ ಕಣ್ಣು ಅಲ್ಲಿಗೇ ಹೋಗುತ್ತದೆ. ಕ್ಷೇತ್ರದ ಗೆರೆಗಳು ಹಸಿ ಅಂಟಿನ ಮೈಗೆ ಲಂಬವಾಗಿ ಇಳಿಯುತ್ತವೆ. ಹಾಗಾಗಿ ಇಳಿಜಾರಿನಲ್ಲಿ ಎಳೆಗಳು ಇಳಿಜಾರಿನಿಂದ ಹೊರಕ್ಕೆ ಚಾಚಿಕೊಂಡು ನಿಲ್ಲುತ್ತವೆ, ಮುಳ್ಳುಹಂದಿಯ ಬೆನ್ನಿನ ಹಾಗೆ. ನಿಜವಾದ ಹುಲ್ಲು ನೆಲ ಎಷ್ಟೇ ವಾಲಿರಲಿ, ಆಕಾಶದ ಕಡೆಗೇ ಬೆಳೆಯುತ್ತದೆ. ತುದಿ ಭಾರವಾದ ಮೇಲೆ ಕೆಳಗೆ ಬಾಗುತ್ತದೆ. ಒಳ್ಳೆಯ ಕೈಯವರು ಅಂಟು ಹಸಿಯಿರುವಾಗಲೇ ಬಾಯಿಂದ ಮೆಲ್ಲಗೆ ಊದಿಯೋ ಬೆರಳಿನಿಂದ ಸವರಿಯೋ ಎಳೆಗಳನ್ನು ಒರಗಿಸುತ್ತಾರೆ. ಇಳಿಜಾರನ್ನು ಪಕ್ಕದಿಂದ ನೋಡಿ. ಹುಲ್ಲು ಎಲ್ಲೆಡೆ ಒಂದೇ ಕೋನದಲ್ಲಿ ಸೈನಿಕರ ಸಾಲಿನಂತೆ ನಿಂತಿದ್ದರೆ ಯಂತ್ರದ ಕೆಲಸ ಮುಗಿದಲ್ಲಿಗೇ ಕೈ ನಿಂತುಬಿಟ್ಟಿದೆ.

ಇನ್ನು ಬಣ್ಣ. ಪ್ಯಾಕೆಟ್ಟಿನಿಂದ ಹೊರಬಂದ ಹಸಿರು ಸಾಮಾನ್ಯವಾಗಿ ಕಣ್ಣು ಕುಕ್ಕುತ್ತದೆ, ಮೇಲಾಗಿ ನೈಲಾನಿಗೆ ತನ್ನದೇ ಹೊಳಪು ಬೇರೆ. ದೂರ ಹೆಚ್ಚಿದಂತೆ ಬಣ್ಣ ಮಂಕಾಗಿ, ನಡುವಿನ ಗಾಳಿಯ ಬೂದು ನೀಲಿ ಬೆರೆಯುತ್ತದೆ. ಆದ್ದರಿಂದ ಪಳಗಿದವರು ಒಂದೇ ಹಸಿರನ್ನು ನೆಚ್ಚುವುದಿಲ್ಲ. ಮೊದಲು ಹಲಗೆಗೆ ಮಣ್ಣಿನ ಕಂದು ಬಳಿಯುತ್ತಾರೆ, ಹಸಿರು ಬಳಿದು ಶುರುಮಾಡುವುದಿಲ್ಲ. ಅದರ ಮೇಲೆ ಜರಡಿ ಹಿಡಿದ ಒಣಮಣ್ಣು, ಅಲ್ಲಲ್ಲಿ ಫೋಮ್ ಪುಡಿ, ಆಮೇಲೆ ಮೂರು ನಾಲ್ಕು ಬಣ್ಣ ಕಲೆಸಿದ 1 ಮಿ.ಮೀ. ಎಳೆ. ಒಣಹುಲ್ಲಿನ ಬಣ್ಣದ 2 ಮಿ.ಮೀ. ಎಳೆಯನ್ನು ಇಡಿಯಾಗಿ ಹಾಕದೆ ಬೇಲಿಯ ಬುಡ, ಕಲ್ಲುಗೋಡೆಯ ಅಂಚು, ಕಂಬದ ಸುತ್ತ ಇಡುತ್ತಾರೆ. ಕುಡುಗೋಲೂ ಕುರಿಯ ಬಾಯಿಯೂ ತಲುಪದ ಜಾಗಗಳಲ್ಲವೇ ಅವು. ಕೊನೆಯಲ್ಲಿ ಬಹುತೇಕ ಒಣಗಿದ ಕುಂಚದಿಂದ ತುದಿಗಳಿಗೆ ಮಾತ್ರ ತಿಳಿಹಳದಿ ತಾಗಿಸುತ್ತಾರೆ. ಹೊಳಪು ಸಾಯಲು ಮೇಲೊಂದು ಮ್ಯಾಟ್ ವಾರ್ನಿಷ್. ನನ್ನ ಮಟ್ಟಿಗೆ ಒಂದು ಮಾದರಿಯ ಯೋಗ್ಯತೆ ತಿಳಿಯುವುದು ಆ ಬೇಲಿಯ ಬುಡದಲ್ಲಿ. ಒಂದು ಬಗೆಯ ಹುಲ್ಲು ಮುಗಿದು ಇನ್ನೊಂದು ಶುರುವಾಗುವ ಗಡಿಗಳನ್ನು ತಾಳ್ಮೆಯಿಂದ ಮಾಡಿದವರು ನಡುವಿನ ಬಯಲಿನಲ್ಲಿ ಎಡವಿದ್ದನ್ನು ನಾನು ಕಂಡಿಲ್ಲ.

ಪ್ರದರ್ಶನದಲ್ಲಿ ಮಾಡಿದವರು ಪಕ್ಕದಲ್ಲೇ ನಿಂತಿದ್ದರೆ ಒಂದು ಪ್ರಶ್ನೆ ಕೇಳಿ: ಇದು ಯಾವ ತಿಂಗಳು? ಇಂಗ್ಲೆಂಡಿನ ಹಳ್ಳಿಯಾದರೆ ಜೂನಿನಲ್ಲಿ ಕೊಯ್ಲಿಗೆ ಬಂದ ಹುಲ್ಲು ಎತ್ತರವಾಗಿ ತೆನೆಬಿಟ್ಟು ಕಂದುನಸುಗೆಂಪಾಗಿರುತ್ತದೆ. ಕೊಯ್ದ ಮರುವಾರ ಅದೇ ಗದ್ದೆ ನಸುಹಳದಿಗೆ ತಿರುಗಿ ಕುಡುಗೋಲಿನ ಸಾಲು ತೋರುತ್ತದೆ. ತಿಂಗಳು ಗೊತ್ತಿದ್ದವರ ಹುಲ್ಲಿಗೂ ಮರಕ್ಕೂ ಹೊಂದಾಣಿಕೆ ಇರುತ್ತದೆ.

ತಿಂಗಳಿನಷ್ಟೇ ಮುಖ್ಯ ಇಸವಿ. ಇದನ್ನು ಬಹಳ ಜನ ಗಮನಿಸುವುದಿಲ್ಲ, ಆದರೆ ನನಗೆ ಈ ಕಲೆಯಲ್ಲಿ ಎಲ್ಲಕ್ಕಿಂತ ಹಿಡಿಸುವ ಸಂಗತಿ ಇದು. ಉಗಿ ಎಂಜಿನ್ನುಗಳ ಕಾಲದಲ್ಲಿ ಬ್ರಿಟನ್ನಿನ ರೈಲು ಏರಿಗಳು ಬೋಳಾಗಿ ಅಚ್ಚುಕಟ್ಟಾಗಿದ್ದವು. ಎಂಜಿನ್ನಿನಿಂದ ಹಾರುವ ಕಿಡಿ ಒಣಹುಲ್ಲಿಗೆ ಬಿದ್ದರೆ ಬೆಂಕಿ. ಅದಕ್ಕೇ ಗ್ಯಾಂಗ್‌ಮನ್‌ಗಳು ಏರಿಯ ಹುಲ್ಲನ್ನು ಕೊಯ್ಯುತ್ತಿದ್ದರು, ಬೇಕೆಂದೇ ಸುಡುತ್ತಲೂ ಇದ್ದರು. 1968ರಲ್ಲಿ ಬ್ರಿಟಿಷ್ ರೈಲಿನ ಮುಖ್ಯ ಮಾರ್ಗಗಳಲ್ಲಿ ಉಗಿ ಎಂಜಿನ್ ನಿಂತಿತು, ಹಳಿಯ ಕೆಲಸಕ್ಕೆ ಕೈಗಳೂ ಕಡಿಮೆಯಾದವು. ಏರಿಗಳಲ್ಲಿ ಮುಳ್ಳುಪೊದೆ ಎದ್ದಿತು, ಆಮೇಲೆ ಮರಗಳು. ಹಾಗಾಗಿ 1930ರ ಎಂಜಿನ್ ಪೊದೆ ತುಂಬಿದ ಏರಿಯ ಮೇಲೆ ಓಡುತ್ತಿದ್ದರೆ ಅಲ್ಲಿ ಎರಡು ಕಾಲ ಕಲೆತುಹೋಗಿವೆ. ಏರಿಯ ಹುಲ್ಲನ್ನು ನೋಡಿಯೇ ದಶಕ ಹೇಳಬಲ್ಲ ರಸಿಕರಿದ್ದಾರೆ. ಒಂದಿಷ್ಟು ಹಳೆಯ ಫೋಟೋಗಳನ್ನು ನೋಡಿದರೆ ನಿಮಗೂ ಅದು ಬರುತ್ತದೆ.

ಕಣ್ಣು ಪಳಗಿಸಲು ಆಕ್ಸ್‌ಫರ್ಡ್‌ಶೈರಿನ ಲಾಂಗ್ ವಿಟನಂ ಹಳ್ಳಿಯಲ್ಲಿರುವ ಪೆಂಡನ್ ಮ್ಯೂಸಿಯಂಗಿಂತ ಒಳ್ಳೆಯ ಜಾಗ ಕಡಿಮೆ. ಆಸ್ಟ್ರೇಲಿಯಾದಿಂದ 1925ರಲ್ಲಿ ಬಂದ ರಾಯ್ ಇಂಗ್ಲೆಂಡ್ ಎಂಬುವರು, ತಾವು ಕಂಡ ಹಳ್ಳಿಗಳು ಕಣ್ಣೆದುರೇ ಬದಲಾಗುತ್ತಿರುವುದನ್ನು ತಾಳಲಾರದೆ ಅವನ್ನು ಮಾದರಿಯಲ್ಲಿ ಉಳಿಸಲು ಹೊರಟರು. 1954ರಲ್ಲಿ ಮ್ಯೂಸಿಯಂ ಹುಟ್ಟಿತು. ವೇಲ್ ಆಫ್ ವೈಟ್ ಹಾರ್ಸ್ ಕಣಿವೆಯ 1920, 30ರ ದಶಕಗಳ ನೋಟ ಅಲ್ಲಿದೆ. ಅದರ ಅಳತೆ 1:76, ನಮ್ಮ ಪುಟ್ಟ ಲೋಕಕ್ಕಿಂತ ದೊಡ್ಡದೇ. ಆದರೆ ಹುಲ್ಲನ್ನು ಮನೆಯಷ್ಟೇ ಶ್ರದ್ಧೆಯಿಂದ ಮಾಡಬೇಕು ಎಂಬುದಕ್ಕೆ ಸಾಕ್ಷಿ ಬೇಕಿದ್ದರೆ ಅಲ್ಲಿ ಸಿಗುತ್ತದೆ. ಬ್ರಿಟನ್ನಿನ ಊರುಗಳಲ್ಲಿ ನೆಲೆಸಿರುವ ಕನ್ನಡದ ಮನೆಗಳವರು ಮಕ್ಕಳೊಂದಿಗೆ ಒಂದು ಮಧ್ಯಾಹ್ನ ಅಲ್ಲಿ ಕಳೆಯಬಹುದು.

ಫೋಟೋ ನೋಡಿ ತೀರ್ಪು ಕೊಡಬೇಡಿ. ಕ್ಯಾಮೆರಾ ಹತ್ತಿರ ಹೋದಷ್ಟೂ ಎಳೆ ಜೊಂಡಿನಂತೆ ಕಾಣುತ್ತದೆ, ಪುಡಿ ಉಂಡೆಯಂತೆ. ಒಂದು ಮೀಟರ್ ದೂರದ ಕಣ್ಣಿಗಾಗಿ ಮಾಡಿದ ಝಡ್ ಹುಲ್ಲು ದೊಡ್ಡದು ಮಾಡಿದ ಚಿತ್ರದಲ್ಲಿ ಬಡಕಲಾಗಿ ಕಂಡರೆ ಅದು ಹುಲ್ಲಿನ ದೋಷವಲ್ಲ.

ಕೈ ಹಾಕಿಯೇ ನೋಡುವ ಮನಸ್ಸಾದರೆ ಅಂಗೈಯಗಲದ ಹಲಗೆ ಸಾಕು. ಫೆವಿಕಾಲಿನಂಥ ಬಿಳಿ ಅಂಟಿಗೆ ನೀರು ಬೆರೆಸಿಕೊಳ್ಳಿ. ಒಣಗಿದ ಮೇಲೆ ಅದು ಕಾಣುವುದಿಲ್ಲ. ಎಳೆ ನೆಡುವ ಉಪಕರಣ ದುಬಾರಿ. ಸೊಳ್ಳೆ ಬ್ಯಾಟಿನ ಸರ್ಕ್ಯೂಟಿಗೆ ಟೀ ಸೋಸುವ ಜಾಲರಿ ಜೋಡಿಸಿ ತಾವೇ ಮಾಡಿಕೊಳ್ಳುವ ಹವ್ಯಾಸಿಗಳಿದ್ದಾರೆ. ಬ್ಯಾಟ್ ಆರಿಸಿದ ಮೇಲೂ ಅದರೊಳಗೆ ವಿದ್ಯುತ್ತು ಉಳಿದಿರುತ್ತದೆ, ಹಾಗಾಗಿ ಈ ಜೋಡಣೆ ಎಲೆಕ್ಟ್ರಾನಿಕ್ಸ್ ಬಲ್ಲವರ ಕೆಲಸ. ಹೊಸಬರಿಗೆ ಫೋಮ್ ಪುಡಿಯೇ ಒಳ್ಳೆಯದು; ಟಿ ಗೇಜಿಗಾದರೆ ಬಣ್ಣ ಮತ್ತು ಪುಡಿ ಬಿಟ್ಟು ಬೇರೇನೂ ಬೇಡವೇ ಬೇಡ. ಅಂಟು ಪೂರ್ತಿ ಒಣಗಲು ಒಂದು ರಾತ್ರಿ ಬಿಟ್ಟು, ನೆಲೆನಿಲ್ಲದ ಎಳೆಗಳನ್ನು ವ್ಯಾಕ್ಯೂಮಿನ ಬಾಯಿಗೆ ತೆಳು ಕಾಲುಚೀಲ ಕಟ್ಟಿ ಎಳೆದು ತೆಗೆಯಿರಿ. ಬಟ್ಟೆಯಲ್ಲಿ ಸಿಕ್ಕಿದ್ದು ಮತ್ತೆ ಉಪಯೋಗಕ್ಕೆ ಬರುತ್ತದೆ. ಹಳಿಯ ಹತ್ತಿರ ಇದನ್ನು ಎರಡು ಸಲ ಮಾಡಿ. ಝಡ್ ಎಂಜಿನ್ನಿನ ಹಲ್ಲುಗಾಲಿಗೆ ಒಂದೇ ಒಂದು ಸಡಿಲ ಎಳೆ ಸುತ್ತಿಕೊಂಡರೂ ರೈಲು ನಡುದಾರಿಯಲ್ಲೇ ನಿಲ್ಲುತ್ತದೆ.