ಹೂಮರಕ್ಕೆ ನೀರು ಹೊಯ್ದವರು

ಎ. ಕೆ. ರಾಮಾನುಜನ್ ಕನ್ನಡ ನಾಡಿನಲ್ಲಿ ಸಂಗ್ರಹಿಸಿ ಇಂಗ್ಲಿಷಿಗೆ ಕೊಟ್ಟ ಹೂಮರದ ಕಥೆಯನ್ನು ಅಮೆರಿಕದ ಸಂಗೀತ ಸಂಯೋಜಕ ಜಾನ್ ಆಡಮ್ಸ್ ಒಪೆರಾ ಮಾಡಿದರು. 'ಎ ಫ್ಲವರಿಂಗ್ ಟ್ರೀ' ಎಂಬ ಈ ಕೃತಿಯ ಪಠ್ಯ ಕಟ್ಟುವಾಗ ನಿರ್ದೇಶಕ ಪೀಟರ್ ಸೆಲರ್ಸ್ ಜತೆಗಿದ್ದರು. 2006ರ ನವೆಂಬರಿನಲ್ಲಿ, ಮೊಟ್ಸಾರ್ಟನ 250ನೇ ಜನ್ಮವರ್ಷದ ಉತ್ಸವಕ್ಕಾಗಿ, ವಿಯೆನ್ನಾದಲ್ಲಿ ಅದು ಮೊದಲು ರಂಗವೇರಿತು.

ಕಥೆ ನಮಗೆ ಗೊತ್ತಿರುವುದೇ. ಬಡವಿಯ ಕಿರಿಮಗಳು, ಅಕ್ಕ ಒಂದು ಕೊಡ ನೀರು ಹೊಯ್ದರೆ ಮರವಾಗುತ್ತಾಳೆ; ಉಗುರು ತಾಗದಂತೆ ಹೂ ಬಿಡಿಸಿ ಇನ್ನೊಂದು ಕೊಡ ಹೊಯ್ದರೆ ಮತ್ತೆ ಹುಡುಗಿಯಾಗುತ್ತಾಳೆ. ರಾಜಕುಮಾರನ ಕೈಹಿಡಿದ ಮೇಲೆ ನಾದಿನಿ ಅವಳನ್ನು ತೋಟಕ್ಕೆ ಕರೆದೊಯ್ದು, ಹಟ ಮಾಡಿ ಮರವಾಗಿಸಿ, ರೆಂಬೆ ಮುರಿದು, ನೀರನ್ನು ಹೇಗೆಂದರೆ ಹಾಗೆ ಚೆಲ್ಲಿ ಹೋಗುತ್ತಾಳೆ. ಉಳಿಯುವುದು ಕೈಕಾಲಿಲ್ಲದ ಮೋಟು ದೇಹ.

ಹುಡುಗಿ ಮರವಾಗುವುದನ್ನು ಪರದೆ, ಬಣ್ಣಗಳಿಂದ ತೋರಿಸಹೊರಟರೆ ನಗೆಪಾಟಲಾದೀತು. ಆಡಮ್ಸ್ ಆ ಹೊಣೆಯನ್ನು ವಾದ್ಯವೃಂದಕ್ಕೆ ಒಪ್ಪಿಸಿದ್ದು ಜಾಣತನ. ಮೇಳದವರು ಸ್ಪ್ಯಾನಿಷ್‌ನಲ್ಲಿ ಹಾಡುತ್ತಾರೆ, ಮುಖ್ಯ ಗಾಯಕರು ಇಂಗ್ಲಿಷಿನಲ್ಲಿ. ಮನೆಯಲ್ಲಿ ಕನ್ನಡ, ಸಂತೆಯಲ್ಲಿ ತೆಲುಗು ಆಡುವ ನಮ್ಮ ಕಲ್ಯಾಣದುರ್ಗದ ಕಡೆಯವರಿಗೆ ಒಂದೇ ಕಥೆಯಲ್ಲಿ ಎರಡು ನುಡಿ ಇರುವುದು ವಿಚಿತ್ರ ಎನಿಸದು.

ನನ್ನ ತಕರಾರು ಬೇರೆ. ಇಲ್ಲಿ ಒಂಟಿ ಕಂಠಗಳು ಮೂರೇ: ಮರವಾಗುವ ಹುಡುಗಿ ಕುಮುದಾ, ರಾಜಕುಮಾರ, ಕಥೆಗಾರ. ಆ ಕಥೆಗಾರನೂ ಗಂಡಸು. ರಾಮಾನುಜನ್ ಇದನ್ನು ಹೆಂಗಸರ ಕಥೆಯಾಗಿ ಓದಿದ್ದರು. ಮರವಾದವಳು ಮಾತಾಡಲಾರಳು, ಓಡಲಾರಳು. ಅವಳ ಬದುಕು ನೀರು ಹೊಯ್ಯುವವರ ಕೈಯಲ್ಲಿದೆ. ಅಕ್ಕನ ಕೈ ಹದವರಿತದ್ದು, ನಾದಿನಿಯದು ಹೊಣೆಯಿಲ್ಲದ್ದು. ಕಥೆಯ ನಿಜವಾದ ಜಗಳ ಈ ಎರಡು ಕೈಗಳ ನಡುವೆ. ಒಪೆರಾದಲ್ಲಿ ಇವರಿಬ್ಬರಿಗೂ ಸ್ವಂತ ಹಾಡಿಲ್ಲ. ಮೊಟ್ಸಾರ್ಟನ 'ಮ್ಯಾಜಿಕ್ ಫ್ಲೂಟ್' ಮಾದರಿಯಲ್ಲಿ, ಕಷ್ಟಗಳನ್ನು ದಾಟಿ ಒಂದಾಗುವ ಜೋಡಿಯ ಪ್ರೇಮವೇ ಮುಂದೆ ನಿಲ್ಲುತ್ತದೆ.

ಗಿರೀಶ ಕಾರ್ನಾಡರೂ 1992ರ 'ಚೆಲುವಿ' ಚಿತ್ರದಲ್ಲಿ ಇದೇ ಕಥೆಯನ್ನು ಕಾಡಿನ ಅಳಲಾಗಿ ತಿರುಗಿಸಿದರು. ತಿರುಗಿಸುವುದು ತಪ್ಪಲ್ಲ; ಹೇಳುವವರ ಬಾಯಲ್ಲಿ ಜನಪದ ಕಥೆ ಬದಲಾಗುತ್ತಲೇ ಬಂದಿದೆ. ಆದರೆ ಆಡಮ್ಸ್ ಮಾಡಿದ ಬದಲಾವಣೆಯಿಂದ ಕಥೆ ಇನ್ನಷ್ಟು ಇಂಪಾಯಿತೇ ಹೊರತು ಹರಿತವಾಗಲಿಲ್ಲ. ಮುಂದೆ ಯಾರಾದರೂ ಇದನ್ನು ಕನ್ನಡ ರಂಗಕ್ಕೆ ತರುವುದಾದರೆ, ಮೊದಲ ಹಾಡನ್ನು ಅಕ್ಕನಿಗೆ ಕೊಡಲಿ, ಎರಡನೆಯದನ್ನು ನಾದಿನಿಗೆ.