ಮೂವರು ಹೇಳುವ ಅರ್ಥ

ಕರಾಟೆ ಎಂದರೆ ಹಂಚು ಒಡೆಯುವುದು, ಇಟ್ಟಿಗೆ ಮುರಿಯುವುದು ಎಂದು ತಿಳಿದವರೇ ನಮ್ಮಲ್ಲಿ ಹೆಚ್ಚು. ಅದರಲ್ಲಿ ‘ಕತಾ’ ಎಂಬುದೊಂದಿದೆ, ಅದನ್ನು ಮೂವರು ಕೂಡಿ ಮಾಡುವ ಸ್ಪರ್ಧೆಯೂ ಇದೆ, ಮಾಡಿ ಮುಗಿಸಿದ ಮೇಲೆ ಅದರ ಅರ್ಥವನ್ನೂ ಆ ಮೂವರೇ ತೋರಿಸಬೇಕು ಎಂದರೆ ಕೇಳಿದವರು ಹುಬ್ಬೇರಿಸುತ್ತಾರೆ. ನಾನೇನೂ ಕರಾಟೆ ಕಲಿತವಳಲ್ಲ, ಕನ್ನಡ ಪಾಠ ಹೇಳುವವಳು. ಆದರೆ ತಾಳಮದ್ದಲೆ ಕೇಳುತ್ತ ಬೆಳೆದವರಿಗೆ ಮೊದಲು ಪದ್ಯ, ಆಮೇಲೆ ಅರ್ಥ ಎಂಬ ಕ್ರಮ ಹೊಸದಲ್ಲ. ವಿಶ್ವ ಚಾಂಪಿಯನ್‌ಷಿಪ್‌ಗಳ ಗುಂಪು ಕತಾ ದೃಶ್ಯಗಳನ್ನು ಒಂದಾದ ಮೇಲೊಂದು ನೋಡುವಾಗ ನನ್ನ ಮನಸ್ಸು ಕೇಳುವುದು ಒಂದೇ ಪ್ರಶ್ನೆ: ಹೇಳಿದ ಅರ್ಥ ಪದ್ಯದ್ದೇ ಹೌದೇ?

ಕತಾ ಎಂದರೆ ಕಾಣದ ಎದುರಾಳಿಗಳೊಡನೆ ಹೋರಾಡುವ, ಮೊದಲೇ ಗೊತ್ತುಮಾಡಿದ ಚಲನೆಗಳ ಸರಣಿ. ಜಪಾನಿ ಭಾಷೆಯಲ್ಲಿ ಆ ಮಾತಿಗೆ ಆಕಾರ, ಅಚ್ಚು ಎಂಬ ಅರ್ಥವಿದೆಯಂತೆ. ಅದರ ವಿವರಣೆಗೆ ‘ಬುಂಕಾಯ್’ ಎನ್ನುತ್ತಾರೆ. ಬುಂಕಾಯ್ ಎಂದರೆ ಬಿಡಿಸುವುದು. ನಾವು ಪ್ರಶ್ನೆಪತ್ರಿಕೆಯಲ್ಲಿ ‘ಸಂಧಿ ಬಿಡಿಸಿ ಬರೆಯಿರಿ’ ಎಂದು ಕೇಳುತ್ತೇವಲ್ಲ, ಆ ಬಿಡಿಸುವುದೇ.

ವಿಶ್ವ ಕರಾಟೆ ಒಕ್ಕೂಟದ ಸ್ಪರ್ಧೆಗಳಲ್ಲಿ ಪದಕದ ಹಂತಕ್ಕೆ ಬಂದ ತಂಡ ಮಾತ್ರ ಬುಂಕಾಯ್ ಮಾಡಬೇಕು. ಕತಾ, ಬುಂಕಾಯ್ ಎರಡೂ ಸೇರಿ 5 ನಿಮಿಷ. ಮೂವರೂ ಗಂಡಸರು ಅಥವಾ ಮೂವರೂ ಹೆಂಗಸರು. ಸಂಗೀತವಿಲ್ಲ, ತಾಳವಿಲ್ಲ. ‘ಶುರು’ ಎಂದು ಒಬ್ಬರು ಇನ್ನೊಬ್ಬರಿಗೆ ಹೇಳುವಂತಿಲ್ಲ. ನೆಲ ತುಳಿದು ಸದ್ದು ಮಾಡಿದರೆ, ಬಟ್ಟೆಗೆ ಬಡಿದುಕೊಂಡರೆ, ಬುಸ್ಸೆಂದು ಉಸಿರು ಬಿಟ್ಟರೆ ತಪ್ಪು. ಆದರೂ ಮೂರು ಮುಷ್ಟಿಗಳು ಒಮ್ಮೆಗೇ ಮುಂದೆ ಹೋಗಿ ಒಮ್ಮೆಗೇ ನಿಲ್ಲುತ್ತವೆ. ಬೆಳಗಿನ ಪ್ರಾರ್ಥನೆಯ ಹೊತ್ತಿಗೆ ಮುನ್ನೂರು ಮಕ್ಕಳನ್ನು ಸಾಲಾಗಿ ನಿಲ್ಲಿಸಿ ‘ಸಾವಧಾನ್’ ಹೇಳಿಸಿ ದಣಿದವರಿಗೆ ಇದು ಎಂಥ ಸಾಧನೆಯೆಂದು ಬಿಡಿಸಿ ಹೇಳಬೇಕಾಗಿಲ್ಲ. ಈ ಭಾಗದ ಬಗ್ಗೆ ನನ್ನ ತಕರಾರು ಏನೂ ಇಲ್ಲ. ತಕರಾರು ಇರುವುದು ಮುಂದಿನ ಭಾಗದಲ್ಲಿ.

ಬುಂಕಾಯ್ ಆರಂಭವಾದ ಕೂಡಲೇ ಸಾಲು ಒಡೆಯುತ್ತದೆ. ಒಬ್ಬ ನಡುವೆ ನಿಲ್ಲುತ್ತಾನೆ, ಇಬ್ಬರು ಏರಿ ಬರುತ್ತಾರೆ. ಹೊಡೆತ, ತಡೆ, ಎತ್ತಿ ಒಗೆಯುವುದು, ಗಾಳಿಯಲ್ಲಿ ಹಾರಿ ಬೀಳುವುದು. ಸಭಾಂಗಣ ಕೂಗಿ ಎದ್ದು ನಿಲ್ಲುತ್ತದೆ. ಇಟಲಿಯ ವಾಲ್ದೇಸಿ, ಮೌರಿನೊ, ಫಿಗುಚ್ಚಿಯೊ ಎಂಬ ಮೂವರು ಮಾಡಿದ ‘ಉನ್ಸು’ ಕತಾ ಬಹಳ ಹೆಸರಾದದ್ದು. ಉನ್ಸುವಿನಲ್ಲಿ ನೆಲಕ್ಕೆ ಒರಗಿ ಒದೆಯುವ ಭಾಗವಿದೆ, ಪೂರ್ತಿ ಸುತ್ತು ತಿರುಗುತ್ತ ಹಾರುವ ಭಾಗವಿದೆ. ಬಿಡಿಸಿ ತೋರಿಸುವವರಿಗೆ ಸಾಮಗ್ರಿ ಧಾರಾಳ. ಇಟಲಿಯವರು ಅದನ್ನು ರಂಗಭೂಮಿಯ ಸಮೀಪಕ್ಕೆ ತಂದರು. ನೋಡಲು ಸೊಗಸು, ಸಂಶಯವಿಲ್ಲ. ಆದರೆ ಆಮೇಲೆ ಬಂದ ಎಷ್ಟೋ ತಂಡಗಳು ಅವರಿಂದ ಕಲಿತದ್ದು ಹಾರುವುದನ್ನು ಮಾತ್ರ.

ಕತಾದಲ್ಲಿ ಇರುವ ಚಲನೆಯನ್ನೇ ಬುಂಕಾಯ್‌ನಲ್ಲಿ ಬಳಸಬೇಕೆಂದು ನಿಯಮವೇ ಹೇಳುತ್ತದೆ. ಹೊಡೆತ ತಿಂದವನು ಮೂರ್ಛೆ ಹೋದಂತೆ ನಟಿಸಕೂಡದು, ಕೂಡಲೇ ಎದ್ದು ಮೊಣಕಾಲ ಮೇಲಾದರೂ ಕೂರಬೇಕು ಎಂಬುದೂ ಇದೆ. ಕುತ್ತಿಗೆಗೆ ಕಾಲು ಕತ್ತರಿ ಹಾಕಿ ಕೆಡಹುವುದಕ್ಕೆ ನಿಷೇಧವಿದೆ. ಯಾವ ನಿಯಮವೂ ಸುಮ್ಮನೆ ಹುಟ್ಟುವುದಿಲ್ಲ. ‘ಮೂರ್ಛೆ ನಟಿಸಬೇಡಿ’ ಎಂದು ಬರೆದಿಡಬೇಕಾಯಿತೆಂದರೆ ಎಷ್ಟು ಜನ ಮೂರ್ಛೆ ಹೋಗಿದ್ದಿರಬೇಕು!

ಸರಿಯಾದ ಬಿಡಿಸುವಿಕೆ ಹೇಗಿರುತ್ತದೆ ಎಂಬುದಕ್ಕೆ ಒಂದು ಚಿಕ್ಕ ಉದಾಹರಣೆ ಕೊಡುತ್ತೇನೆ. ಶೋಟೋಕಾನ್ ಪದ್ಧತಿಯಲ್ಲಿ ಮಕ್ಕಳಿಗೆ ಕಲಿಸುವ ಮೊದಲ ಕತಾ ‘ಹೇಯಾನ್ ಶೋದಾನ್’. ಅದರ ಮೊದಲ ಚಲನೆ ಎಡಕ್ಕೆ ತಿರುಗಿ ಎಡಗೈಯನ್ನು ಕೆಳಕ್ಕೆ ಬೀಸುವುದು, ಬಲಗೈ ಮುಷ್ಟಿಯನ್ನು ಸೊಂಟಕ್ಕೆ ಎಳೆದುಕೊಳ್ಳುವುದು. ಎಡಗೈ ಒದೆತವನ್ನು ತಡೆಯುತ್ತದೆ ಎಂದು ತರಬೇತುದಾರರು ಹೇಳುತ್ತಾರೆ. ಬಲಗೈ ಏನು ಮಾಡುತ್ತಿದೆ? ‘ಅದು ಭಂಗಿ’ ಎಂದುಬಿಡುತ್ತಾರೆ. ಆದರೆ ಆ ಕೈಗೆ ಜಪಾನಿಯರು ಇಟ್ಟ ಹೆಸರೇ ‘ಹಿಕಿತೆ’, ಎಳೆಯುವ ಕೈ. ಎಳೆಯುವುದೆಂದರೆ ಏನನ್ನಾದರೂ ಹಿಡಿದಿರಬೇಕಲ್ಲ! ಎದುರಾಳಿಯ ಮಣಿಕಟ್ಟನ್ನು ಹಿಡಿದು ಅವನ ಆಯ ತಪ್ಪಿಸಲು ತನ್ನ ಸೊಂಟಕ್ಕೆ ಎಳೆದುಕೊಂಡ ಕೈ ಅದು ಎಂದು ಬಲ್ಲವರು ವಿವರಿಸುತ್ತಾರೆ. ಹಾಗೆ ಓದಿದರೆ ಇಡೀ ಚಲನೆ ಬೇರೆಯಾಗಿಯೇ ಕಾಣುತ್ತದೆ. ಒದೆಯುವ ದೂರದಲ್ಲಿದ್ದವನು ತೋಳಿನಳತೆಗೆ ಬಂದುಬಿಡುತ್ತಾನೆ. ಇಂಥ ಒಂದು ಬಿಡಿಸುವಿಕೆಯಲ್ಲಿ ಹಾರಾಟವೂ ಇಲ್ಲ, ಚಪ್ಪಾಳೆಯೂ ಇಲ್ಲ.

ಅರ್ಥ ಹೀಗೆ ಕಳೆದುಹೋದದ್ದರಲ್ಲಿ ನಮ್ಮ ವೃತ್ತಿಯವರ ಪಾಲೂ ಇದೆ. ಒಕಿನಾವಾ ದ್ವೀಪದ ಇತೋಸು ಅಂಕೋ 20ನೇ ಶತಮಾನದ ಮೊದಲ ದಶಕದಲ್ಲಿ ಕರಾಟೆಯನ್ನು ಶಾಲೆಗಳಿಗೆ ತಂದರು. ಮಕ್ಕಳಿಗೆಂದು ‘ಪಿನಾನ್’ ಎಂಬ ಐದು ಕತಾಗಳನ್ನು ರೂಪಿಸಿದವರು ಅವರೇ. 1908ರಲ್ಲಿ ಕರಾಟೆಯ ಪ್ರಯೋಜನಗಳ ಬಗ್ಗೆ ಹತ್ತು ಅಂಶಗಳ ಪತ್ರವನ್ನೂ ಬರೆದರು. ಅವರ ಶಿಷ್ಯ ಫುನಾಕೋಶಿ ಗಿಚಿನ್ ಒಕಿನಾವಾದಲ್ಲಿ ಶಾಲಾ ಶಿಕ್ಷಕರಾಗಿದ್ದವರು. 1922ರಲ್ಲಿ ಟೋಕಿಯೊಗೆ ಹೋಗಿ ಪ್ರದರ್ಶನ ಕೊಟ್ಟು ಅಲ್ಲೇ ನೆಲೆಸಿದರು. ಪಿನಾನನ್ನು ಹೇಯಾನ್ ಎಂದು ಕರೆದದ್ದು ಅವರು. ಒಬ್ಬ ಗುರು ಒಬ್ಬ ಶಿಷ್ಯನ ಕೈಹಿಡಿದು ಕಲಿಸುತ್ತಿದ್ದದ್ದು ಶಾಲೆಯ ಅಂಗಳಕ್ಕೆ ಬಂದಾಗ ಎಣಿಕೆಗೆ ಸರಿಯಾಗಿ ಎಲ್ಲರೂ ಕೂಡಿ ಮಾಡುವ ಕವಾಯತಾಯಿತು. ಚಲನೆ ಉಳಿಯಿತು, ವಿವರಣೆ ಹಿಂದೆ ಸರಿಯಿತು ಎಂದು ಕರಾಟೆಯ ಚರಿತ್ರೆ ಬರೆದ ಹಲವರ ಅಭಿಪ್ರಾಯ. ನಂಬಲು ಕಷ್ಟವಿಲ್ಲ. ಅರ್ಥ ಗೊತ್ತಿಲ್ಲದೆ ಷಟ್ಪದಿಯನ್ನು ಗಿಣಿಯಂತೆ ಒಪ್ಪಿಸುವ ಮಕ್ಕಳನ್ನು ಮೂವತ್ತು ವರ್ಷಗಳಿಂದ ನೋಡುತ್ತಿದ್ದೇನೆ.

ಇನ್ನು, ಯಾರ ಅರ್ಥ ನನಗೆ ಹಿಡಿಸಿತು ಎಂಬುದನ್ನೂ ಹೇಳಬೇಕು. ಜಪಾನಿನ ಕಿಯುನಾ, ಕಿಂಜೋ, ಉಏಮುರಾ ಎಂಬ ಒಕಿನಾವಾದ ಮೂವರು 2016ರಲ್ಲಿ ಲಿಂಜ್‌ನಲ್ಲಿ, 2018ರಲ್ಲಿ ಮ್ಯಾಡ್ರಿಡ್‌ನಲ್ಲಿ ವಿಶ್ವ ಪ್ರಶಸ್ತಿ ಗೆದ್ದರು. ಇವರ ಗುರು ಸಾಕುಮೋಟೊ ತಾನೇ 1984, 86, 88ರಲ್ಲಿ ಒಂಟಿ ಕತಾದಲ್ಲಿ ವಿಶ್ವ ಚಾಂಪಿಯನ್ ಆಗಿದ್ದವರು. ಇವರ ಬುಂಕಾಯ್ ನೋಡುವಾಗ ಕಣ್ಣು ಮೊದಲು ಕಿಯುನಾನ ಮೇಲೇ ನಿಲ್ಲುತ್ತದೆ. ಎರಡನೆಯ ಸಲ ನೋಡುವಾಗ ಏರಿ ಬರುವವರನ್ನು ಗಮನಿಸಿ. ಅವರ ಮುಷ್ಟಿ ನಿಜವಾಗಿ ಮುಖವನ್ನು ಅರಸಿಯೇ ಬರುತ್ತದೆ. ತಡೆಯದಿದ್ದರೆ ಮೂಗು ಹೋಗುತ್ತದೆ. ಪಕ್ಕಕ್ಕೆ ಒಂದು ಗೇಣು ತಪ್ಪಿಸಿ ಹೊಡೆಯುವ ಉಪಕಾರ ಅಲ್ಲಿಲ್ಲ. ತಾಳಮದ್ದಲೆಯಲ್ಲಿ ಕೃಷ್ಣನ ಅರ್ಥ ರಂಗೇರಬೇಕಾದರೆ ಎದುರು ಕುಳಿತ ಕೌರವ ಗಟ್ಟಿ ಪ್ರಶ್ನೆ ಹಾಕಬೇಕು. ಹೇಳಿದ್ದಕ್ಕೆಲ್ಲ ತಲೆಯಾಡಿಸುವ ಕೌರವನಿದ್ದರೆ ಪ್ರಸಂಗ ಅರ್ಧ ಗಂಟೆಯಲ್ಲಿ ಮುಗಿದು ಎಲ್ಲರೂ ಮನೆಗೆ ಹೋಗಬಹುದು. ಬುಂಕಾಯ್‌ನ ಸತ್ಯ ಇರುವುದು ಗೆಲ್ಲುವವನಲ್ಲಲ್ಲ, ಸೋಲಬೇಕಾದವರು ಎಷ್ಟು ಪ್ರಾಮಾಣಿಕವಾಗಿ ಹೊಡೆಯುತ್ತಾರೆ ಎಂಬುದರಲ್ಲಿ. 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಕಿಯುನಾ ಒಂಟಿ ಕತಾದಲ್ಲಿ ಚಿನ್ನ ಗೆದ್ದನು. ಗುಂಪು ಕತಾಕ್ಕೆ ಅಲ್ಲಿ ಜಾಗವಿರಲಿಲ್ಲ. ಹಾಗಾಗಿ ಉಳಿದಿಬ್ಬರ ಹೆಸರು ಕರಾಟೆ ಬಲ್ಲವರಿಗಷ್ಟೇ ಗೊತ್ತು.

ಇದೆಲ್ಲ ಎಲ್ಲೋ ಜಪಾನಿನ ಮಾತು, ನಮಗೇಕೆ ಎನ್ನುವಂತಿಲ್ಲ. ಆತ್ಮರಕ್ಷಣೆಯ ಯೋಜನೆಗಳಡಿ ನಮ್ಮ ಸರ್ಕಾರಿ ಶಾಲೆಗಳ ಹೆಣ್ಣುಮಕ್ಕಳಿಗೂ ಕರಾಟೆ ಕಲಿಸುತ್ತಿದ್ದಾರೆ. ಒಳ್ಳೆಯ ಕೆಲಸ. ಒಂದು ಶಾಲೆಯ ವಾರ್ಷಿಕೋತ್ಸವದಲ್ಲಿ ಮೂವರು ಹುಡುಗಿಯರು ಚೆಂದವಾಗಿ ಕತಾ ಮಾಡಿದರು. ಬಳಿಕ ಎಂಟನೆಯ ತರಗತಿಯ ಪುಟ್ಟ ಹುಡುಗಿಯೊಬ್ಬಳು ತೋಳು ಮುಟ್ಟಿದ್ದೇ ತಡ, ಹತ್ತನೆಯ ತರಗತಿಯ ಇಬ್ಬರು ದಡಿಯ ಹುಡುಗರು ಬಾಳೆಗಿಡಗಳಂತೆ ಉರುಳಿದರು. ವೇದಿಕೆಯ ಮೇಲಿದ್ದ ಗಣ್ಯರು ಎದ್ದು ಚಪ್ಪಾಳೆ ತಟ್ಟಿದರು. ಮಾರನೆಯ ದಿನ ಅದೇ ಹುಡುಗಿ ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತು, “ಟೀಚರ್, ಬಸ್‌ಸ್ಟ್ಯಾಂಡಿನಲ್ಲಿ ಯಾರಾದ್ರೂ ಕೈ ಹಿಡಿದ್ರೆ ಅವ್ರೂ ಹಾಗೇ ಬೀಳ್ತಾರಾ?” ಎಂದು ಕೇಳಿದಳು.

ಬೀಳುವುದಿಲ್ಲ ಎಂದು ಹೇಳಿದೆ. ಹಿಡಿದ ಕೈಯ ಹೆಬ್ಬೆರಳು ಯಾವ ಕಡೆಗಿದೆಯೋ ಆ ಕಡೆಗೆ ನಿನ್ನ ಕೈ ತಿರುಗಿಸಿ ಜಾಡಿಸು, ಕೂಗು, ಓಡು ಎಂದೂ ಹೇಳಿದೆ. ಅಲ್ಲೇ ನಿಂತಿದ್ದ ಅವಳ ಗೆಳತಿಗೆ, “ಇವಳ ಮಣಿಕಟ್ಟು ಗಟ್ಟಿಯಾಗಿ ಹಿಡ್ಕೋ, ನಾಚಬೇಡ” ಎಂದೆ. ಮೊದಲ ಎರಡು ಸಲ ಬಿಡಿಸಿಕೊಳ್ಳಲು ಆಗಲಿಲ್ಲ. ಮೂರನೆಯ ಸಲ ಕೈ ಬಿಟ್ಟುಬಂತು, ಗೆಳತಿಯ ಎರಡು ಬಳೆಗಳು ಒಡೆದವು.