ನೀರು ನಿಲ್ಲುವ ಹೊತ್ತು

ಫ್ಲಾರಿಡಾದ ರಿವಿಯೆರಾ ಬೀಚ್‌ನ ಬ್ಲೂ ಹೆರಾನ್ ಸೇತುವೆಯಡಿ ಆಳ ಸುಮಾರು 20 ಅಡಿಯಷ್ಟೇ. ದಡದಿಂದ ನಡೆದೇ ಇಳಿಯಬಹುದು. ಹಾಗೆಂದು ಡೈವಿಂಗ್‌ಗೆ ಹೊಸಬರಾದವರನ್ನು ಬೇಕೆಂದಾಗ ಇಳಿಸುವಂತಿಲ್ಲ. ಹತ್ತಿರದ ಅಳಿವೆಯಿಂದ ಕಡಲು ನುಗ್ಗಿ ಬರುವಾಗ, ಹೊರಹೋಗುವಾಗ ಕಂಬಗಳ ನಡುವೆ ಸೆಳೆತ ಜೋರು.

ಇಲ್ಲಿ ಡೈವ್ ಯೋಜಿಸುವವರ ಜಾಣ್ಮೆ ನನಗೆ ಬಹಳ ಇಷ್ಟ. ಮೊದಲು ನೋಡುವುದು ಉಬ್ಬರದ ವೇಳಾಪಟ್ಟಿ, ಅದೂ ಸೇತುವೆಯ ಜಾಗದ್ದೇ. ತೆರೆದ ಕಡಲತೀರದ ಪಟ್ಟಿ ಹಿಡಿದರೆ ಲೆಕ್ಕ ತಪ್ಪುತ್ತದೆ. ತುಂಬು ಉಬ್ಬರಕ್ಕೆ ಅರ್ಧ ಗಂಟೆ ಮುಂಚೆ ಇಳಿದರೆ ನೀರು ತಿಳಿ, ಸೆಳೆತ ಇಳಿಮುಖ. ಕಡಲಕುದುರೆಯನ್ನೂ ಆಕ್ಟೋಪಸ್ಸನ್ನೂ ನಿಧಾನವಾಗಿ ಹುಡುಕಬಹುದು.

ಹೊಸಬರನ್ನು ಮೊದಲು ಸೊಂಟದೆತ್ತರದ ನೀರಲ್ಲಿ ನಿಲ್ಲಿಸಿ ಸಿಲಿಂಡರಿನ ಗೇಜಿನ ಮುಳ್ಳು ನೋಡಿಸುತ್ತಾರೆ, ತೇಲುವ ಹುಲ್ಲುಕಡ್ಡಿ ಎತ್ತ ಸಾಗುತ್ತಿದೆಯೆಂದು ತೋರಿಸುತ್ತಾರೆ. ಸೆಳೆತಕ್ಕೆ ಎದುರಾಗಿ ಹೊರಟರೆ ಮರಳುವುದು ಸಲೀಸು ಎಂಬ ಪಾಠ ಇಲ್ಲಿ ಸಾಲದು, ಡೈವಿನ ನಡುವೆಯೇ ನೀರಿನ ದಿಕ್ಕು ತಿರುಗುತ್ತದಲ್ಲ! ಹಾಗಾಗಿ ಮರಳುವ ಗಳಿಗೆಯನ್ನು ಸಿಲಿಂಡರಿನ ಗಾಳಿಯ ಜೊತೆ ಗಡಿಯಾರವೂ ನಿರ್ಧರಿಸಬೇಕು.

ಉಬ್ಬರ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತದೆ. ನಿನ್ನೆಯ ಸಮಯ ಇಂದಿಗೆ ಹೊಂದದು. ಹುಣ್ಣಿಮೆ, ಅಮಾವಾಸ್ಯೆಯ ಆಸುಪಾಸು ಸೆಳೆತ ಹೆಚ್ಚು, ನೀರು ನಿಲ್ಲುವ ಅವಧಿ ಮೊಟಕು. ಆ ದಿನಗಳಲ್ಲಿ ಹೊಸಬರ ಸರದಿಯನ್ನು ಒಂದು ವಾರ ಮುಂದೂಡುವವರ ಮೇಲೆ ನನಗೆ ಇನ್ನೂ ಹೆಚ್ಚಿನ ಗೌರವ.